ಚುಕ್ಕಿ, ಜಾಲರಿ, ಸೊನ್ನೆ, ಆರು, ಜಾಲರಿ

ನನ್ನ ಅಂಗಡಿ ಹಡಗಿನಿಂದ ಇಳಿದ ಕಬ್ಬಿಣದ ಡಬ್ಬ.
ಬಾಗಿಲ ಮೇಲೆ ಇನ್ನೂ ಅಳಿಯದ ನಂಬರು,
ಯಾವ ಬಂದರಿನ ಗುಮಾಸ್ತ ಬಳಿಸಿದ್ದೋ.
ಡೊರ್ದೊಯ್ ಬಜಾರಿನ ತುಂಬ ಇಂಥವೇ, ಒಂದರ ತಲೆಯ ಮೇಲೊಂದು,
ಮೇಲಿನದು ಗೋದಾಮು, ಕೆಳಗಿನದು ವ್ಯಾಪಾರ.
ಈ ಡಬ್ಬ ಕಡಲು ಕಂಡಿದೆ.
ನಾನು ಕಂಡಿಲ್ಲ.

ಗೋಡೆ ಮುಟ್ಟಿದರೆ ಬೆರಳ ಚರ್ಮ ಅಲ್ಲೇ ಉಳಿಯುವಂಥ
ಜನವರಿಯ ಒಂದು ಬೆಳಗ್ಗೆ ಬಂದರು ಜೊಲ್ದೊಶ್ ಬಾಯ್ಕೆ.
ಹತ್ತೊಂಬತ್ತು ವರ್ಷ ಲಾರಿಯ ಚಕ್ರ ಹಿಡಿದ ಕೈ.
ಕೊರ್ದಾಯ್ ಗಡಿ, ಅಲ್ಮಾಟಿ, ಆಮೇಲೆ ಓಮ್ಸ್ಕ್;
ಹೋಗುವಾಗ ಮಕ್ಕಳ ಕಾಲುಚೀಲ,
ಬರುವಾಗ ಏನು ಸಿಕ್ಕರೆ ಅದು.

ಕೈಚೀಲ ಕಳಚಿ ಫೋನು ಇಟ್ಟರು, ಪಕ್ಕದಲ್ಲಿ
ತಂಬಾಕಿನ ಒಂದು ತಗಡು ಡಬ್ಬಿ.
ಮುಚ್ಚಳ ತೆಗೆದರೆ ಒಳಗೆ ಸಿಮ್ಮುಗಳು,
ಉಗುರಿನಷ್ಟಗಲದವು, ಹದಿನೇಳೋ ಹದಿನೆಂಟೋ,
ಎಲ್ಲಕ್ಕೂ ಒಂದೇ ಘಾಟು.
"ಗಡಿ ದಾಟಿದಾಗೆಲ್ಲ ಒಂದು ತೆಗೆ, ಒಂದು ಹಾಕು.
ಹೋದ ಸಲ ಹಿಮದಲ್ಲಿ ಬಿತ್ತು. ಹಿಮದಲ್ಲಿ ಬಿಳಿ ಸಿಮ್ಮು!
ಮೊಣಕಾಲೂರಿ ಹುಡುಕಿದೆ, ಕಾವಲಿನ ಹುಡುಗ
ನಮಾಜು ಅಂದುಕೊಂಡು ಸುಮ್ಮನಿದ್ದ.
ಕಣ್ಣಿಗೆ ಕಾಣದ ಸಿಮ್ಮು ಬಂದಿದೆಯಂತಲ್ಲ,
ಅದನ್ನೇ ಹಾಕಿಸಿಕೊಂಡು ಬಾ ಅಂತ ಮನೆಯಲ್ಲಿ ಹಟ.
ಇದು ಒಪ್ಪುತ್ತದಾ, ನೋಡು."

ಇದಕ್ಕೆ ಸ್ಕ್ರೂಡ್ರೈವರ್ ಬೇಡ, ಬಾಯ್ಕೆ.
ಯಾರಿಗೋ ಕರೆ ಮಾಡುವ ಹಾಗೆ ಒತ್ತಿ:
ಚುಕ್ಕಿ, ಜಾಲರಿ, ಸೊನ್ನೆ, ಆರು, ಜಾಲರಿ.
"ಚುಕ್ಕಿ ಅಂದರೆ ನಿನ್ನಿಂದಲೇ ಶುರುವಲ್ಲ," ಎಂದು ನಕ್ಕರು.
ನನ್ನ ಹೆಸರು ಚೊಲ್ಪೊನ್. ಬೆಳ್ಳಿಚುಕ್ಕಿ.

ಕೊನೆಯ ಜಾಲರಿಯಿಂದ ಬೆರಳೆತ್ತುವ ಮೊದಲೇ
ಫೋನು ತನ್ನ ಜಾತಕ ಬಿಚ್ಚಿತು.
ಐಎಂಇಐ ಒಂದು, ಐಎಂಇಐ ಎರಡು,
ಹದಿನೈದು ಹದಿನೈದು ಅಂಕಿ.
ಅದರ ಕೆಳಗೆ ಬಿಳಿ.

ಇಐಡಿ ಎಂಬ ಸಾಲು ಇರಬೇಕಿತ್ತು.
ಖಾಲಿ ಜೇಬನ್ನು ಮತ್ತೊಮ್ಮೆ ತಡವುವ ಹಾಗೆ
ಇನ್ನೊಮ್ಮೆ ಒತ್ತಿದೆ. ಸೆಟ್ಟಿಂಗ್ಸ್ ಒಳಗೂ ಹೊಕ್ಕು ಬಂದೆ.
ಅದೇ ಕಂಪನಿ, ಅದೇ ನೀಲಿ, ನನ್ನ ಫೋನಿನ ಅವಳಿ;
ಆದರೆ ನನ್ನದು ದುಬೈ ಪೆಟ್ಟಿಗೆಯಲ್ಲಿ ಬಂದದ್ದು,
ಅವರದು ಗ್ವಾಂಗ್‌ಝೌನದು,
ಎರಡು ಸಿಮ್ಮಿಗೆ ಎರಡು ಗೂಡು, ಮೂರನೆಯದಕ್ಕೆ ಮನಸ್ಸಿಲ್ಲ.
ಆಗುವುದಿಲ್ಲ, ಬಾಯ್ಕೆ.

ಬೇಸರವೇನೂ ಕಾಣಲಿಲ್ಲ. ಗಡ್ಡ ಕೆರೆದರು.
"ಆ ಕಾಣದ್ದನ್ನು ಇನ್ನೊಬ್ಬನಿಗೆ ಕಡ ಕೊಡಬಹುದಾ?
ಬಲ್ಖಾಶ್ ದಾರಿಯಲ್ಲಿ ತಾಶ್‌ಕೆಂಟಿನವನೊಬ್ಬನ ಇಂಜಿನ್ ಕೈಕೊಟ್ಟಿತ್ತು.
ನನ್ನ ಕಜಾಕ್ ಸಿಮ್ಮು ಕಿತ್ತು ಅವನ ಅಂಗೈಗೆ ಹಾಕಿದೆ.
ಏಪ್ರಿಲ್‌ನಲ್ಲಿ ಒಂದು ಕಲ್ಲಂಗಡಿಯ ಬೀಜದ ಪೊಟ್ಟಣದಲ್ಲಿ ವಾಪಸು ಬಂತು."
ಕೊಡಲಾಗುವುದಿಲ್ಲ ಎಂದೆ.
ಅಂಗೈಗೆ ಬೀಳುವಂಥದ್ದಲ್ಲ ಅದು.

ಹಾಗಾದರೆ ಇವುಗಳಲ್ಲಿ ಯಾವುದಕ್ಕೆ ಉಸಿರಿದೆ ನೋಡು ಎಂದರು.
ಕೂತೆ. ಒಂದೊಂದನ್ನೇ ಒರೆಸಿ, ಒಂದೊಂದನ್ನೇ ಗೂಡಿಗಿಟ್ಟು.
ಸತ್ತದ್ದು. ಸತ್ತದ್ದು. ಇದು ಅರ್ಧ ಮುರಿದದ್ದು.
ಒಂಬತ್ತನೆಯದು ಮಾತ್ರ ಎರಡು ಕಡ್ಡಿ ಸಿಗ್ನಲ್ ಹಿಡಿದು
ಓಮ್ಸ್ಕಿನ ಭಾಷೆಯಲ್ಲಿ ಪಟಕ್ಕನೆ ಸಂದೇಶ ಕಾರಿತು:
ನೀವು ದೇಶದ ಹೊರಗಿದ್ದೀರಿ, ಶುಭ ಪ್ರಯಾಣ.
"ನನ್ನ ಮನೆಯಿಂದ ನಾಲ್ಕು ಮೈಲಿ ದೂರ ಇದ್ದೀನಿ, ಮುಠ್ಠಾಳ," ಎಂದು
ಫೋನಿಗೇ ಬೈದರು.

ದುಡ್ಡು ಬೇಡವೆಂದೆ. ಒಂದು ಹಿಡಿ ಕುರುತ್ ಸುರಿದು ಹೋದರು,
ಕಲ್ಲಿನಂಥ ಒಣಮೊಸರಿನ ಉಂಡೆ,
ಅದಕ್ಕೂ ತಂಬಾಕಿನ ಘಾಟು.

ಸಂಜೆ ಶಟರ್ ಎಳೆಯುವ ಮುನ್ನ, ಸುಮ್ಮನೆ,
ನನ್ನದರಲ್ಲಿ ಒತ್ತಿದೆ:
ಚುಕ್ಕಿ, ಜಾಲರಿ, ಸೊನ್ನೆ, ಆರು, ಜಾಲರಿ.
ಇದೆ.
ಎಂಬತ್ತೊಂಬತ್ತರಿಂದ ಶುರುವಾಗಿ ಮೂವತ್ತೆರಡು ಅಂಕಿ,
ಸಾಲು ಸಾಲದೆ ಮುರಿದು ಕೆಳಗಿಳಿದಿದೆ.
ಕೊರ್ದಾಯ್ ಗಡಿಯೂ ದಾಟದ ನನಗೆ.

ಕುರುತ್ ಒಂದನ್ನು ದವಡೆಗಿಟ್ಟುಕೊಂಡೆ,
ಉಪ್ಪು ನಿಧಾನಕ್ಕೆ ಬಿಟ್ಟುಕೊಳ್ಳುತ್ತಿತ್ತು.
ಬಾಗಿಲ ಮೇಲಿನ ನಂಬರನ್ನು ಮೊದಲ ಸಲ ಪೂರ್ತಿ ಓದಿದೆ.
ಕೊನೆಯ ಅಂಕಿ ತುಕ್ಕಿನಲ್ಲಿ ಹೋಗಿತ್ತು.